ಪಾಚಿಗೆ ಪಾಚಿ

ನಮ್ಮ ಭಾವನ ಕೈ ಮೂಸಿದರೆ ಸಾಕು, ಅವರ ಕಸುಬು ಏನೆಂದು ಗೊತ್ತಾಗುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಕೆರೆದಂಡೆಯ ಆ ಹಸಿ ವಾಸನೆ ಹೋಗುವುದಿಲ್ಲ. ಮನೆಮನೆಗೆ ಹೋಗಿ ಗಾಜಿನ ಮೀನುತೊಟ್ಟಿಗಳಿಗೆ ಹಿಡಿದ ಪಾಚಿ ತೆಗೆಯುವುದು ಅವರ ಕೆಲಸ. ಅಕ್ಕನನ್ನು ಮದುವೆಯಾದಾಗಲೂ ಅದೇ, ಇವತ್ತಿಗೂ ಅದೇ. ಬೀದಿಯವರಿಗೆಲ್ಲ ಅವರು ಪಾಚಿಯಣ್ಣ. ನನಗೆ ಭಾವ. ಸಿಟ್ಟು ಬಂದಾಗ ಮಾತ್ರ ಅಕ್ಕನ ಹತ್ತಿರ ಹೋಗಿ 'ನಿನ್ನ ಗಂಡ' ಎಂದು ಶುರುಮಾಡುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಭಾವ ಅನ್ನುವುದಕ್ಕಿಂತ ನಿನ್ನ ಗಂಡ ಅನ್ನುವುದೇ ಹೆಚ್ಚು.

ಅವರ ಮನೆ ಮಹಡಿಯ ಮೇಲೆ, ನನ್ನ ಹೊಲಿಗೆ ಯಂತ್ರ ಕೆಳಗಿನ ಕೋಣೆಯಲ್ಲಿ. ಪರದೆ, ಶಾಲೆಯ ಯೂನಿಫಾರ್ಮ್, ದಿಂಬಿನ ಚೀಲ ಹೊಲಿಯುತ್ತೇನೆ. ಭಾವ ಬೆಳಿಗ್ಗೆ ಸ್ಕೂಟರಿಗೆ ಎರಡು ಬಕೆಟ್ಟು, ಒಂದು ಉದ್ದದ ಪೈಪು, ಕೋಲಿಗೆ ಕಟ್ಟಿದ ಬ್ಲೇಡು, ಹಳೇ ಸ್ಪಾಂಜು ಏರಿಸಿಕೊಂಡು ಹೋಗುವುದೂ, ಸಂಜೆ ಬಂದು ಚಪ್ಪಲಿ ಬಿಚ್ಚಲೂ ಬಗ್ಗಲಾರದೆ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದೂ ನನ್ನ ಕಿಟಕಿಯಿಂದ ಕಾಣುತ್ತದೆ. ದೊಡ್ಡ ಕಟ್ಟಡಗಳಲ್ಲಿ ಬಕೆಟ್ಟು ಹಿಡಿದವರನ್ನು ಲಿಫ್ಟಿಗೆ ಬಿಡುವುದಿಲ್ಲವಂತೆ, ನೆಲ ಒದ್ದೆಯಾಗುತ್ತದೆ ಎಂದು. ಅವರ ಬಲಭುಜ ಆ ಮೆಟ್ಟಿಲುಗಳಲ್ಲೇ ಸವೆದುಹೋಯಿತು.

ಜನ ಮಾಡುವ ತಪ್ಪು ಎಲ್ಲ ಮನೆಯಲ್ಲೂ ಒಂದೇ. ಚೆಂದ ಕಾಣಲಿ ಎಂದು ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಕೆಳಗೆ ಇಡುತ್ತಾರೆ. ಬಂದವರು ನೋಡಲಿ ಎಂದು ಮಲಗುವವರೆಗೂ ಅದರ ದೀಪ ಉರಿಸುತ್ತಾರೆ. ಆ ಕಡೆಯಿಂದ ಈ ಕಡೆಗೆ ಹೋಗುವವರೆಲ್ಲ ಒಂದೊಂದು ಚಿಟಿಕೆ ಊಟ ಉದುರಿಸುತ್ತಾರೆ. ಮೀನು ತಿಂದು ಮಿಕ್ಕಿದ್ದು ಕೊಳೆಯುತ್ತದೆ, ಮೇಲಿನಿಂದ ಬೆಳಕು, ಇನ್ನೇನು ಬೇಕು? ಗಾಜು ಹಸಿರಾಗುತ್ತದೆ. ಆಗ ಪಾಚಿಯಣ್ಣನಿಗೆ ಫೋನು. ಒಬ್ಬರು ಪಾತ್ರೆ ತೊಳೆಯುವ ಸೋಪಿನಿಂದಲೇ ತೊಟ್ಟಿ ಉಜ್ಜಿ, ಮಾರನೆಯ ದಿನ ಮೀನೆಲ್ಲ ಯಾಕೆ ಮೇಲೆ ತೇಲುತ್ತಿವೆ ಎಂದು ಕೇಳಿದ್ದರು. ಬೆಳಕು ಕಡಿಮೆ ಮಾಡಿ, ಊಟ ಕಡಿಮೆ ಹಾಕಿ, ನೀರನ್ನು ಒಂದೇ ಸಲ ಚೆಲ್ಲಬೇಡಿ, ಸ್ವಲ್ಪ ಸ್ವಲ್ಪವೇ ಬದಲಿಸಿ ಎಂದು ಭಾವ ಹೇಳುತ್ತಲೇ ಇರುತ್ತಾರೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನಾನಾಗಿದ್ದರೆ ಆ ಬಕೆಟ್ಟಿನ ನೀರನ್ನು ಅವರ ತಲೆಯ ಮೇಲೇ ಸುರಿದು ಬರುತ್ತಿದ್ದೆ.

ಕೆಲವು ತೊಟ್ಟಿಗಳಲ್ಲಿ ಕೆರೆದರೂ ಪಾಚಿ ಬಗ್ಗುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ತೊಟ್ಟಿಗೆ ದಪ್ಪ ಕಪ್ಪು ಬಟ್ಟೆ ಹೊದಿಸಿ ನಾಲ್ಕು ದಿನ ಬಿಟ್ಟುಬಿಡುವುದು. ದೀಪವಿಲ್ಲ, ಊಟವಿಲ್ಲ. ಬೆಳಕಿಲ್ಲದೆ ಪಾಚಿ ಸಾಯುತ್ತದೆ, ಮೀನು ಹೇಗೋ ತಡೆದುಕೊಳ್ಳುತ್ತದೆ. ಆ ಬಟ್ಟೆಗಳನ್ನು ಹೊಲಿದುಕೊಡುವವಳು ನಾನೇ. ಮಕ್ಕಳಿರುವ ಮನೆಯಾದರೆ ಭಾವ ಬಟ್ಟೆ ಹೊದಿಸುತ್ತಾ, 'ಪಾಚಿಗೆ ಪಾಚಿಯೇ ಮದ್ದು' ಎನ್ನುತ್ತಿದ್ದರು. ಮಗುವನ್ನು ಮಲಗಿಸುವಾಗ ಕೆಲವರು ತಾಚಿ ಮಾಡು ಎನ್ನುತ್ತಾರೆ, ನಾವು ಪಾಚಿ ಮಾಡು ಎನ್ನುತ್ತೇವಲ್ಲ, ಅದು. ತೊಟ್ಟಿಯನ್ನೂ ಮಲಗಿಸಿದರೆ ಪಾಚಿ ಹೋಗುತ್ತದೆ ಎಂದು ತಮಾಷೆ. ಮಕ್ಕಳು ಕಿಲಕಿಲ ನಗುತ್ತಿದ್ದವು. ಇಡೀ ಜನ್ಮಕ್ಕೆ ಅವರಿಗೆ ಬರುತ್ತಿದ್ದ ನಗೆಮಾತು ಅದೊಂದೇ.

ಅವರ ಒಬ್ಬಳೇ ಮಗಳು ಪುಟ್ಟಿ. ದೊಡ್ಡವಳಾದರೂ ನಮಗೆ ಪುಟ್ಟಿಯೇ. ಓದು ಮುಗಿದ ಮೇಲೆ ತಾನಾಗಿಯೇ ಅಪ್ಪನ ಜೊತೆ ಹೊರಟಳು. ಅಕ್ಕ ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು. ಮಗಳೂ ವಾಸನೆ ಹೊತ್ತುಕೊಂಡು ಬರುತ್ತಾಳಲ್ಲ ಎಂದು ಗೊಣಗಿದಳು. ಪುಟ್ಟಿ ಕೇಳಲಿಲ್ಲ. ಅವಳಿಗೆ ಆ ಕೆಲಸದ ಹುಚ್ಚು ಹಿಡಿದಿತ್ತು. ಯಾವ ಮನೆಯ ಯಾವ ಮೀನು ಮೂಲೆ ಹಿಡಿದಿದೆ, ಯಾವ ಗಿಡ ಚಿಗುರಿದೆ ಎಂದು ಊಟ ಮಾಡುವಾಗಲೂ ಅದೇ ಮಾತು. ಬಕೆಟ್ಟು ಹೊರುವುದು ಅವಳಾದ್ದರಿಂದ ಭಾವನ ಭುಜಕ್ಕೆ ಸ್ವಲ್ಪ ಬಿಡುವು ಸಿಕ್ಕಿತು. ಆ ಒಂದು ವರ್ಷ ಅವರು ಮೆಟ್ಟಿಲ ಮೇಲೆ ಕೂತದ್ದನ್ನು ನಾನು ನೋಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಪುಟ್ಟಿಯ ಪಾಲಿಗೆ ಆ ಮಾತು ಪಾಚಿ. ಭಾವ ಜ್ವರ ಬಂದು ಮಲಗಿದ್ದ ದಿನ ಒಬ್ಬ ಹೆಂಗಸಿನ ಫೋನು ಬಂತು. ಮೂರನೇ ಮಹಡಿಯ ಮನೆ, ಕೈಯಲ್ಲಿ ಹಸುಗೂಸು, ಶಾಲೆಗೆ ಹೋಗುವ ಒಬ್ಬ ಮಗಳು, ಗಂಡನಿಗೆ ದೂರದಲ್ಲಿ ಕೆಲಸ. ತೊಟ್ಟಿ ಆ ದೊಡ್ಡ ಮಗಳದು. ಪುಟ್ಟಿ ಫೋನೆತ್ತಿಕೊಂಡಾಗ ನಾನು ಅಲ್ಲೇ ಇದ್ದೆ. ಆ ಕಡೆ ಕೂಸು ಚೀರುವುದು ನನಗೂ ಕೇಳುತ್ತಿತ್ತು.

"ಬೇಗ ಹೇಳಮ್ಮ, ಗಾಜೆಲ್ಲ ಹಸಿರಾಗಿದೆ. ಪಾಚಿಗೆ ಏನ್ ಮಾಡ್ಲಿ?"

"ಪಾಚಿ ಮಾಡಿಸ್ಬಿಡಿ ಮೇಡಂ," ಎಂದು ನಕ್ಕಳು ಪುಟ್ಟಿ. "ಹೋದ ಸಲ ಅಪ್ಪ ಕೊಟ್ಟಿರೋ ಕಪ್ಪು ಬಟ್ಟೆ ಇದೆಯಲ್ಲ, ಅದನ್ನ ಹೊದಿಸಿ. ಲೈಟ್ ಬೇಡ, ಊಟ ಬೇಡ. ನಾಲ್ಕು ದಿನ ತೆಗೀಲೇಬೇಡಿ. ಆಮೇಲೆ ನಾನೇ ಬರ್ತೀನಿ."

ಆ ಹೆಂಗಸು ಹೇಳಿದಂತೆಯೇ ಮಾಡಿದಳು. ಜೊತೆಗೆ ನೀರಿಗೆ ಗಾಳಿ ಊದುವ ಪುಟ್ಟ ಮೋಟಾರನ್ನೂ ಆರಿಸಿದಳು. ಪುಟ್ಟಿ ಹೋಗಿ ಬಟ್ಟೆ ತೆಗೆದಾಗ ಒಂದು ಮೀನೂ ಉಳಿದಿರಲಿಲ್ಲ. ಕತ್ತಲಿನಲ್ಲಿ, ಗಾಳಿಯೂ ಇಲ್ಲದ ನೀರಿನಲ್ಲಿ ಉಸಿರು ಕಟ್ಟಿ ಸತ್ತಿದ್ದವು.

"ಪಾಚಿ ಮಾಡಿಸಿ ಅಂದೆ, ಮಾಡಿಸ್ದೆ. ಮಲಗಿಸೋದು ಅಂದ್ರೆ ಎಲ್ಲಾ ಆಫ್ ಮಾಡೋದು ತಾನೆ?" ಎಂದು ಆ ಹೆಂಗಸು ಮಹಡಿಯವರೆಲ್ಲ ಬಾಗಿಲು ತೆಗೆದು ನೋಡುವ ಹಾಗೆ ಕೂಗಾಡಿದಳಂತೆ. "ನಿಂಗೆ ತಮಾಷೆ. ನನ್ನ ಮಗಳಿಗೆ ನಾನೇನ್ ಹೇಳ್ಲಿ? ಗೊತ್ತಿಲ್ದೋರು ಈ ಕೆಲಸಕ್ಕೆ ಯಾಕೆ ಬರ್ತೀರಿ?"

ಪುಟ್ಟಿ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಳು. ಫೋನು ಮುಟ್ಟಲಿಲ್ಲ. ಯಾರೂ ಇಲ್ಲದಾಗ ಎದ್ದು ಸ್ನಾನ ಮಾಡುವಳು, ಒಂದು ತುತ್ತು ತಿನ್ನುವಳು, ಮತ್ತೆ ಒಳಗೆ. ಮೀನಿನ ಮಾತೆತ್ತಿದರೆ ಗೋಡೆಯ ಕಡೆ ಹೊರಳುವಳು. ಭಾವ ಮತ್ತೆ ಒಬ್ಬರೇ ಬಕೆಟ್ಟು ಹೊರತೊಡಗಿದರು. ಮತ್ತೆ ಮೆಟ್ಟಿಲ ಮೇಲೆ ಕೂರತೊಡಗಿದರು. ಮಗಳ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬಾಗಿಲು ತಟ್ಟದೆ ಹೋಗಿ ಮಲಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಏನಾದ್ರೂ ಮಾತಾಡಿ ಭಾವ," ಎಂದೆ.

"ಬಿಡು, ನಾಲ್ಕು ದಿನ ಸುಮ್ನೆ ಇರ್ಲಿ. ಸರಿಹೋಗ್ತಾಳೆ."

"ಅವಳೇನು ತೊಟ್ಟೀನಾ, ಬಟ್ಟೆ ಹೊದಿಸಿಬಿಟ್ರೆ ಸರಿಹೋಗೋಕೆ?"

ಭಾವ ಎದ್ದು ಬಕೆಟ್ಟು ತೊಳೆಯಲು ಹೋದರು. ಕಲ್ಲಿಗಾದರೂ ಎರಡು ಮಾತು ಬರುತ್ತಿತ್ತೇನೋ ಎಂದು ಬೈದುಕೊಂಡು ಕೆಳಗಿಳಿದೆ. ಅಕ್ಕ ಅತ್ತೂ ಅತ್ತೂ ಸಾಕಾಗಿ, ತನ್ನ ಬೇಕರಿಯಲ್ಲೇ ಮಗಳಿಗೆ ಕೆಲಸ ಕೇಳಿಬಂದಳು. ಮುಂದಿನ ಸೋಮವಾರದಿಂದ ಬಾ ಎಂದರು. ಪುಟ್ಟಿ ಜಗಳವಾಡುತ್ತಾಳೆ ಎಂದುಕೊಂಡಿದ್ದೆ. ಅವಳು "ಹೂಂ" ಎಂದಳು, ಅಷ್ಟೇ. ಸೋಮವಾರ ಆ ಕೌಂಟರಿನ ಹಿಂದೆ ನಿಂತರೆ ಇವಳು ಇನ್ನು ಯಾವತ್ತೂ ತೊಟ್ಟಿಯ ಹತ್ತಿರ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಭಾವನಿಗೂ ಗೊತ್ತಿತ್ತು.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಏನೋ ಉರುಳಿದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಬಕೆಟ್ಟು ಕೆಳಗೆ ಬಂದು ಬಿದ್ದಿದೆ, ಮೆಟ್ಟಿಲೆಲ್ಲ ಹಸಿರು ನೀರು, ನಡುವೆ ಭಾವ ಕೂತಿದ್ದಾರೆ. ಬಲಗೈ ತೊಡೆಯ ಮೇಲೆ ಬೇರೆಯವರದ್ದೆಂಬಂತೆ ಬಿದ್ದಿತ್ತು.

"ಎತ್ತೋಕಾಗ್ತಿಲ್ಲ," ಎಂದರು. ಮುಖದಲ್ಲಿ ನೋವೂ ಇರಲಿಲ್ಲ, ಬರೀ ಸುಸ್ತು.

ನಾನು ಮೇಲೆ ಹೋಗಿ ಪುಟ್ಟಿಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದೆ. "ನಿಮ್ಮಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದಾರೆ. ಬರ್ತೀಯೋ, ಇಲ್ಲಾ ಎತ್ತೋಕೂ ನಾನೇ ಹೋಗ್ಬೇಕೋ?"

ಬಿದ್ದಿರಲಿಲ್ಲ, ಕೂತಿದ್ದರು. ಬಾಗಿಲು ತೆಗೆಸಲು ಅಷ್ಟು ಸುಳ್ಳು ನಡೆಯುತ್ತದೆ. ಅವಳು ಕೆದರಿದ ಕೂದಲಲ್ಲೇ ಓಡಿಬಂದು ಅಪ್ಪನ ಭುಜ ಹಿಡಿದಳು. ನಾನು ಬಟ್ಟೆ ತಂದು ನೀರು ಒರೆಸತೊಡಗಿದೆ. ಆಗ ಭಾವ ಬಾಯಿ ಬಿಟ್ಟರು.

"ಆ ಮಾತು ನಂದು ಪುಟ್ಟಿ. ಪಾಚಿ ಮಾಡ್ಸೋ ಮಾತು. ಎಲ್ಲಾ ಮನೇಲೂ ಹೇಳ್ಕೊಂಡು ಬಂದೆ. ಆದ್ರೆ ಬಟ್ಟೆ ಹೊದಿಸೋಕೆ ಮುಂಚೆ ನನ್ನ ಕೈ ಮೋಟಾರ್ ಮುಟ್ಟಿ ನೋಡ್ತಿತ್ತು. ಯಾರೂ ಆಫ್ ಮಾಡ್ಬಾರ್ದು ಅಂತ ಸ್ವಿಚ್ಚಿಗೆ ಟೇಪ್ ಹಚ್ಚಿ ಬರ್ತಿದ್ದೆ. ಅದನ್ನ ಯಾವತ್ತೂ ಬಾಯಲ್ಲಿ ಹೇಳೇ ಇಲ್ಲ. ನಿಂಗೂ ಹೇಳ್ಲಿಲ್ಲ. ಮಾತು ಮಾತ್ರ ಕಲಿಸ್ದೆ."

ಪುಟ್ಟಿ ಅಪ್ಪನ ಬಲಗೈಯನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡಳು. "ಇಷ್ಟು ದಿನ ಯಾಕೆ ಹೇಳ್ಲಿಲ್ಲಪ್ಪಾ?"

"ಸುಸ್ತಾಗ್ತಿತ್ತು ಮಗಳೇ. ದಿನಾ ಬಂದು ಹೇಳ್ಬೇಕು ಅಂತ್ಲೇ ಬರ್ತಿದ್ದೆ. ಮೆಟ್ಟಿಲು ಹತ್ತೋಷ್ಟರಲ್ಲಿ ಮಾತು ಎಲ್ಲೋ ಬಿದ್ದುಹೋಗ್ತಿತ್ತು."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟನ್ನು ಹೇಳಲು ಭುಜವೇ ಮುರಿಯಬೇಕಿತ್ತೇ? ಆದರೆ ಆ ಮುಖ ನೋಡಿ, ಸಿಟ್ಟನ್ನೆಲ್ಲ ಮೆಟ್ಟಿಲು ಉಜ್ಜುವುದರಲ್ಲೇ ತೀರಿಸಿಕೊಂಡೆ.

ಆ ಮೂರನೇ ಮಹಡಿಯವಳು ಫೋನು ಮಾಡಿದ್ದಳಂತೆ, ಖಾಲಿ ತೊಟ್ಟಿ ನೋಡಲಾಗುತ್ತಿಲ್ಲ, ತೆಗೆದುಕೊಂಡು ಹೋಗಿ ಎಂದು. ಒಬ್ಬರ ಕೈಯಲ್ಲಿ ಇಳಿಸಲಾಗದು. ಭಾವ ಮಗಳ ಮುಖ ನೋಡಿದರು. ಪುಟ್ಟಿ ನನ್ನ ಮುಖ ನೋಡಿದಳು.

"ಚಿಕ್ಕಮ್ಮ ಬಂದ್ರೆ ಬರ್ತೀನಿ. ಅವರು ಬೈದ್ರೆ ತಿರುಗಿಸಿ ಬೈಯೋಕೆ ಒಬ್ರು ಬೇಕು."

ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡವಳು ಈ ಮನೆಯಲ್ಲಿ ಅವಳೊಬ್ಬಳೇ. ಮಾರನೆಯ ದಿನ ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮಾತು ಮಸೆದುಕೊಂಡೇ ಹೋದೆ.

ಬಾಗಿಲು ತೆಗೆದವಳ ಹೆಗಲ ಮೇಲೆ ಕೂಸು. ಅವಳು ನಿಂತಲ್ಲೇ ತೂಗುತ್ತಿದ್ದಳು, ತೂಗುತ್ತಿರುವುದು ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಕಣ್ಣ ಕೆಳಗೆ ಕಪ್ಪು. ಕುರ್ಚಿಗಳ ಬೆನ್ನ ಮೇಲೆಲ್ಲ ಒಣಹಾಕಿದ ಪುಟ್ಟ ಬಟ್ಟೆಗಳು. ಮೂಲೆಯಲ್ಲಿ ತೊಟ್ಟಿ, ಅರ್ಧ ನೀರು, ಗಾಜೆಲ್ಲ ಮತ್ತೆ ಹಸಿರು. ಪುಟ್ಟಿ ಒಳಗೆ ಕಾಲಿಟ್ಟವಳೇ ಹೇಳಿದಳು, "ಮೇಡಂ, ಮೋಟಾರ್ ಆಫ್ ಮಾಡ್ಬೇಡಿ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪಾಯ್ತು."

ನಾನು ಬೈಗುಳಕ್ಕೆ ಕಾದು ನಿಂತೆ. ಆ ಹೆಂಗಸು ತೊಟ್ಟಿಯ ಕಡೆ ನೋಡಿದಳು.

"ನಂಗೆ ಗೊತ್ತಿತ್ತು," ಎಂದಳು. "ಅದನ್ನ ಆಫ್ ಮಾಡ್ಬಾರ್ದು ಅಂತ ನಂಗೆ ಗೊತ್ತಿತ್ತು. ಗುರ್ರ್ ಅಂತ ಹಗಲೂ ರಾತ್ರಿ. ಕೂಸು ಮಲಗಿದ್ರೂ ಅದು ಮಲಗಲ್ಲ. ನೀನು ಪಾಚಿ ಮಾಡ್ಸಿ ಅಂದೆ ನೋಡು, ಒಂದು ನೆಪ ಸಿಕ್ತು. ಆರಿಸ್ಬಿಟ್ಟೆ. ಆ ನಾಲ್ಕು ದಿನ ನಾನು ನಿದ್ದೆ ಮಾಡ್ದೆ. ಇವನು ಹುಟ್ಟಿದ ಮೇಲೆ ಅದೇ ಮೊದಲು." ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು. "ಅದಕ್ಕೇ ನಿನ್ನ ಮೇಲೆ ಅಷ್ಟು ಕೂಗಾಡಿದ್ದು."

ನಾನು ಮಸೆದಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅಲ್ಲಿಗೆ ಹೊಂದಲಿಲ್ಲ. ಭಾವ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು.

"ನಾನೂ ಇಷ್ಟು ದಿನ ಮಲಗಿಲ್ಲ ಮೇಡಂ," ಎಂದಳು ಪುಟ್ಟಿ. ಕ್ಷಮಿಸಿದೆ ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ. ಆ ಹೆಂಗಸು ತಲೆ ತಗ್ಗಿಸಿಕೊಂಡು ಸೋಫಾದ ತುದಿಯಲ್ಲಿ ಕೂತಳು.

ಪೈಪು ಬಿಟ್ಟು ನೀರು ಖಾಲಿ ಮಾಡಬೇಕಿತ್ತು. ಪುಟ್ಟಿ ತೊಟ್ಟಿಯ ಹಿಂದೆ ಕೈ ಹಾಕಿ ಮೊದಲು ಮೋಟಾರು ಎಳೆದುಕೊಂಡಳು. ಮರದ ಹಲಗೆಯ ಮೇಲೆ ಹಾಗೇ ಇಟ್ಟಿದ್ದರು. ತಿರುಗಿಸಿ ನೋಡಿ, "ಅಪ್ಪಾ, ಇದರ ರಬ್ಬರ್ ಕಾಲೇ ಉದುರಿಹೋಗಿದೆ. ಹಲಗೆಗೆ ಬಡಿಯೋದಕ್ಕೇ ಅಷ್ಟು ಸದ್ದು," ಎಂದಳು. ಭಾವ ಎಡಗೈಯಿಂದ ಸ್ಪಾಂಜು ತೆಗೆದು ನೀಡಿದರು. ಅವಳು ಅದನ್ನು ಬ್ಲೇಡಿನಿಂದ ಕತ್ತರಿಸಿ, ಮೋಟಾರನ್ನು ಅದರ ಮೇಲೆ ಕೂರಿಸಿ, ಸ್ವಿಚ್ಚು ಹಾಕಿದಳು. ನೀರಿನಲ್ಲಿ ಗುಳ್ಳೆಗಳು ಎದ್ದವು. ಅವಳು ಮಂಡಿಯೂರಿ ಕೂತು ಗಾಜಿನ ಮೇಲಿನ ಹಸಿರನ್ನು ಕೆರೆಯತೊಡಗಿದಳು. ತೊಟ್ಟಿಯನ್ನು ಇಳಿಸುವ ಮಾತು ಯಾರೂ ಎತ್ತಲಿಲ್ಲ.

"ಈಗ ಕೇಳ್ಸುತ್ತಾ ಮೇಡಂ?" ಎಂದು ಕೇಳಿದಳು.

ತಿರುಗಿ ನೋಡಿದರೆ ಆ ಹೆಂಗಸು ಸೋಫಾಕ್ಕೆ ತಲೆ ಒರಗಿಸಿ, ಎದೆಯ ಮೇಲೆ ಕೂಸನ್ನು ಹಾಕಿಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೂಸೂ ಮಲಗಿತ್ತು. ಪುಟ್ಟಿ ಬ್ಲೇಡನ್ನು ಸದ್ದಾಗದ ಹಾಗೆ ಆಡಿಸಿದಳು. ಕೂಸು ಜಾರೀತು ಎಂದು ನಾನು ಹೋಗಿ ಪಕ್ಕದಲ್ಲಿ ಕೂತು ಅದರ ಬೆನ್ನಿಗೆ ಕೈ ಕೊಟ್ಟೆ. ದೊಡ್ಡ ಮಗಳು ಶಾಲೆಯಿಂದ ಬಂದು ಬಾಗಿಲು ತಟ್ಟುವವರೆಗೂ ನಾವು ಮೂವರೂ ಹಾಗೇ ಇದ್ದೆವು.

ಸೋಮವಾರ ಬೇಕರಿಗೆ ಅಕ್ಕ ಒಬ್ಬಳೇ ಹೋದಳು.