ದುಭಾಷಿ ಆಂಟಿಯ ‘ತೋಲ್ಕ್’

ಆಂಟಿಯ ಮೂಗಿನ ತುದಿ ಚಳಿಗಾಲವಿಡೀ ಟೊಮೇಟೊ ಹಣ್ಣಿನಂತೆ ಕೆಂಪಗಿರುತ್ತಿತ್ತು. ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಆಸ್ಪತ್ರೆಯಲ್ಲಿ ಅವರು ದುಭಾಷಿ. ಇಂಗ್ಲಿಷ್ ಬಾರದ ರೋಗಿಗಳಿಗೂ ನನ್ನಂಥ ಡಾಕ್ಟರುಗಳಿಗೂ ನಡುವೆ ಮಾತು ದಾಟಿಸುವವರು. ಹುಟ್ಟಿದ್ದು ಉಕ್ರೇನಿನಲ್ಲಿ, ಮದುವೆಯಾದದ್ದು ಸ್ವೀಡನ್ನಿನವನನ್ನು. ನಮ್ಮ ರೂಢಿಯಂತೆ ನಾನು ‘ಆಂಟಿ’ ಅಂದಾಗ ಖುಷಿಪಟ್ಟಿದ್ದರು.

ಗಂಡ ತೀರಿಹೋದ ಮೇಲೂ ಅವನೊಡನೆ ಒಂದು ಜಗಳ ಇಟ್ಟುಕೊಂಡಿದ್ದರು. ಅದು ‘ತೋಲ್ಕ್’ ಎಂಬ ಪುಟ್ಟ ಪದದ ಜಗಳ.

“ಅವನ ಭಾಷೆಯಲ್ಲಿ ತೋಲ್ಕ್ ಅಂದರೆ ದುಭಾಷಿ. ನಮ್ಮ ಕಡೆ ಅದೇ ತೋಲ್ಕ್ ಅಂದರೆ ಅರ್ಥ, ತಿರುಳು. ಪದ ನಮ್ಮದೇ. ಹಿಂದೆ ವ್ಯಾಪಾರಕ್ಕೆ ಬಂದ ಅವನ ಕಡೆಯವರು ದೋಣಿಯಲ್ಲಿ ಹಾಕಿಕೊಂಡು ಹೋದರು. ಭಾಷಾ ಪಂಡಿತರೂ ಹೆಚ್ಚಿನವರು ಹಾಗೇ ಹೇಳ್ತಾರೆ. ಅವನು ಮಾತ್ರ ಒಪ್ಪಲೇ ಇಲ್ಲ!”

ನಮ್ಮ ಕನ್ನಡದ ‘ದುಭಾಷಿ’ಯನ್ನು ನಾನು ಬಿಡಿಸಿ ಹೇಳಿದಾಗ, “ಎರಡು ಭಾಷೆ ಸರಿ. ಅರ್ಥ ಎಲ್ಲಿ ಹೋಯ್ತು ಡಾಕ್ಟರ್?” ಅಂದಿದ್ದರು.

ಉಕ್ರೇನಿನ ಮೇಲೆ ರಷ್ಯಾದ ಯುದ್ಧ ಶುರುವಾದ ವಸಂತದಲ್ಲಿ ಒಂದು ಬೆಳಿಗ್ಗೆ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, “ತಂಗಿಯ ಮನೆ ಮೇಲೆ ಬಾಂಬ್ ಬಿತ್ತಂತೆ. ತಂಗಿ ಇಲ್ಲ,” ಅಂದರು. ಮನೆಗೆ ಹೋಗಿ ಅಂದೆ. ಕೇಳಲಿಲ್ಲ. ರಷ್ಯನ್ ಮಾತ್ರ ಬಲ್ಲ ಮುದುಕನೊಬ್ಬ ಆಪರೇಷನ್ನಿಗೆ ಕಾದಿದ್ದ. ಆ ಭಾಷೆ ಬಲ್ಲವರು ಅಂದು ಅವರೊಬ್ಬರೇ.

ತನ್ನ ಮಾತು ತಿಳಿಯುವವರು ಸಿಕ್ಕರೆಂದು ಮುದುಕ ಗಳಗಳ ಮಾತಾಡತೊಡಗಿದ. ದುಭಾಷಿಗಳ ನಿಯಮದಂತೆ ಆಂಟಿ ಅವನ ಬದಲಿಗೆ ‘ನಾನು’ ಎಂದೇ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು:

“ಹೊಟ್ಟೆನೋವು ತಡೆಯೋಕಾಗ್ತಿಲ್ಲ. ಟೀವಿ ನೋಡಿದರೆ ನನಗೆ ಇನ್ನೂ ಸಂಕಟ. ಉಕ್ರೇನಿನವರು ತಮ್ಮ ಮನೆಗೆ ತಾವೇ ಬಾಂಬ್ ಹಾಕಿಕೊಂಡು ಅಳುವ ನಾಟಕ ಆಡ್ತಿದ್ದಾರೆ. ಆ ಸಾವೆಲ್ಲ ಸುಳ್ಳು.”

ನಾನು ಆಂಟಿಯ ಮುಖ ನೋಡಿದೆ. ಅವರ ದನಿ ಒಂದಿಷ್ಟೂ ಅಲುಗಲಿಲ್ಲ. ಅದೇ ಉಸಿರಿನಲ್ಲಿ ಮುಂದುವರಿಸಿದರು: “ಅಂದ ಹಾಗೆ, ರಕ್ತ ತೆಳುವಾಗೋಕೆ ಊರಿಂದ ತರಿಸಿದ ಮಾತ್ರೆ ತಗೋತೀನಿ. ಯಾರಿಗೂ ಹೇಳಿಲ್ಲ.”

ಆಪರೇಷನ್ ಮುಂದಕ್ಕೆ ಹಾಕಿದೆವು. ಹಾಗೇ ಕೊಯ್ದಿದ್ದರೆ ರಕ್ತ ನಿಲ್ಲದೆ ಅವನು ಉಳಿಯುತ್ತಿರಲಿಲ್ಲವೇನೋ.

ಹೊರಗೆ ಬಂದು ಕೇಳಿದೆ: “ಆ ಒಂದು ಮಾತು ಬಿಟ್ಟುಬಿಡಬಹುದಿತ್ತಲ್ಲ ಆಂಟಿ?”

“ಅದಕ್ಕೆ ಕಿವಿ ಮುಚ್ಚಿಕೊಂಡಿದ್ದರೆ ಮಾತ್ರೆಯ ಮಾತೂ ಕೇಳಿಸ್ತಿರಲಿಲ್ಲ.”

ಆಮೇಲೆ ನನ್ನ ಕಾರಿನೊಳಗೆ ಕೂತು ತಮ್ಮ ತಾಯ್ನುಡಿಯಲ್ಲಿ ಗೋಳೋ ಎಂದು ಅತ್ತರು. ನನಗೆ ಒಂದು ಪದವೂ ತಿಳಿಯಲಿಲ್ಲ. ಕೈ ಹಿಡಿದುಕೊಂಡು ಕೂತಿದ್ದೆ.

ಹೋದ ವರ್ಷ ಅವರು ನಿದ್ದೆಯಲ್ಲೇ ಹೋದರು. ಈಗ ವಿಡಿಯೊ ಪರದೆಯ ಮೇಲೆ ಯಾರೋ ಬಂದು ಮಾತು ದಾಟಿಸುತ್ತಾರೆ. ಕೇಳಲಾಗದ್ದನ್ನು ರೋಗಿ ಹೇಳತೊಡಗಿದಾಗ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ. ಆದರೂ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.