ವೆಂಡೆಲ್ ಸ್ಟ್ರೌಡನ ನೀಲಿ ಗಾಜು

ವೆಂಡೆಲ್ ಸ್ಟ್ರೌಡ್ ಜೀವಮಾನದಲ್ಲಿ ಒಂದು ಕಂಬವನ್ನೂ ಹತ್ತಿದವನಲ್ಲ. ಅವನದು ಬೂಟಿನಂಗಡಿ. ಮೇಲಿನ ಸಾಲಿನ ಡಬ್ಬಿ ಬೇಕಾದರೆ ಹೆಂಡತಿ ಲೋರೆಟಾಳನ್ನು ಏಣಿ ಹತ್ತಿಸಿ, ತಾನು ಕೆಳಗೆ ನಿಂತು "ಜೋಪಾನ, ಜೋಪಾನ" ಎನ್ನುತ್ತಿದ್ದ. ಅವಳು ಬಿದ್ದಾಳೆಂದಲ್ಲ, ಡಬ್ಬಿ ಬಿದ್ದೀತೆಂದು. ಇಂಥ ಮನುಷ್ಯ ಇಂಡಿಯಾನಾದ ನಮ್ಮ ಸೀಮೆಯಲ್ಲಿ ಕಂಬದ ಗಾಜಿನ ಮಹಾಪಂಡಿತ ಎನಿಸಿಕೊಂಡಿದ್ದ. ಜನ ಅವನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಮೊದಲು ಕರೆದವನು ತಮಾಷೆಗೆ ಕರೆದಿದ್ದ. ವೆಂಡೆಲ್ ಅದನ್ನು ಬಿರುದೆಂದುಕೊಂಡು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ.

ಕಂಬದ ಗಾಜು ಎಂದರೆ ತಂತಿ ಹೊರುವ ಇನ್ಸುಲೇಟರು. ಗಾಜಿನದೋ ಪಿಂಗಾಣಿಯದೋ, ಕವುಚಿಟ್ಟ ಲೋಟದ ಹಾಗೆ ಇರುತ್ತದೆ. ಹಳೆಯ ಟೆಲಿಗ್ರಾಫ್ ಲೈನು ಕಿತ್ತಾಗ ರೈಲಿನವರು ಹಳ್ಳಕ್ಕೆ ಎಸೆದದ್ದನ್ನೇ ಜನ ಈಗ ಹುಡುಕಿ ತಂದು, ಕಿಟಕಿಯಲ್ಲಿಟ್ಟು, ಬಿಸಿಲು ಹಾಯ್ದಾಗ ನೋಡಿ ಸುಖಪಡುತ್ತಾರೆ. ನನಗೂ ಆ ಖಯಾಲಿ ಇದೆ, ಸುಳ್ಳು ಯಾಕೆ? ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದೆ. ನನ್ನ ಹತ್ತಿರ ಇರುವುದು ಅರವತ್ತು ಚಿಲ್ಲರೆ. ಒಂದೊಂದನ್ನೂ ಯಾವ ಕಂಬದಿಂದ ಇಳಿಸಿದೆ ಎಂದು ಹೇಳಬಲ್ಲೆ.

ವೆಂಡೆಲನ ನೆಲಮಾಳಿಗೆಯಲ್ಲಿ ಎರಡು ಸಾವಿರ ಇದ್ದವು. ಇಟಲಿಯ ಹಸಿರು ಗಾಜು, ಜಪಾನಿನ ಬಿಳಿ ಪಿಂಗಾಣಿ, ರಷ್ಯಾದ್ದು, ದಕ್ಷಿಣ ಆಫ್ರಿಕಾದ್ದು, ಎಲ್ಲವೂ ಅಂಚೆಯಲ್ಲಿ ಬಂದವು. "ಇಡೀ ಪ್ರಪಂಚ ನನ್ನ ಮನೆ ಕೆಳಗಿದೆ" ಎನ್ನುತ್ತಿದ್ದ. ಸ್ವತಃ ಅವನು ಷಿಕಾಗೋ ದಾಟಿದವನಲ್ಲ. ಅಲ್ಲಿಗೂ ಒಮ್ಮೆ ಹೋಗಿ ಹೊಟ್ಟೆ ಕೆಡಿಸಿಕೊಂಡು ಮರಳಿದ್ದ. ಪ್ರತಿ ಭಾನುವಾರ ಆ ಎರಡು ಸಾವಿರವನ್ನೂ ಒರೆಸುವವಳು ಲೋರೆಟಾ. ಇವನು ಕುರ್ಚಿಯಲ್ಲಿ ಕೂತು ಯಾವುದರ ಮೇಲೆ ಬೆರಳಚ್ಚು ಉಳಿದಿದೆ ಎಂದು ತೋರಿಸುತ್ತಿದ್ದ.

ಒಮ್ಮೆ ಗಾಜು ಕೂಡಿಡುವವರ ಸಂಘದ ಸಭೆಗೆ ನಾನೊಂದು ಕಂದು ಪಿಂಗಾಣಿಯದನ್ನು ತಗೊಂಡು ಹೋಗಿದ್ದೆ. ಮಂಜುಗಡ್ಡೆಯ ಬಿರುಗಾಳಿಯಲ್ಲಿ, ಬೆರಳು ಸೆಟೆದುಕೊಂಡು ಇಳಿಸಿದ್ದು. ವೆಂಡೆಲ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡ.

"ಹಾಗೆ ಹಿಡೀಬಾರ್ದು ರಸ್. ನಿಮ್ಮಂಥವರ ಕೈಗೆ ಸಿಕ್ಕೇ ಎಷ್ಟೋ ಒಳ್ಳೆ ಸರಕು ಹಾಳಾಗಿದ್ದು."

"ನಮ್ಮಂಥವರು ಅಂದ್ರೆ?"

"ಬೇಜಾರು ಮಾಡ್ಕೋಬೇಡಿ. ನಿಮಗೆ ಅದು ಬರೀ ಕೆಲಸ. ನಮಗೆ ಅದು ಚರಿತ್ರೆ."

ಪಾದ ಅಳೆಯುವವನ ಬಾಯಲ್ಲಿ ಚರಿತ್ರೆ! ಅಂದಿನಿಂದ ಅವನನ್ನು ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ನನ್ನ ಜೊತೆ ಕೆಲಸ ಮಾಡಿದ ಕ್ಲೈಡ್ ಬೀಸ್ಲಿ ತೀರಿಕೊಂಡ ವರ್ಷದ ಸಂಗತಿ. ಅವನ ಹೆಂಡತಿ ಅಯೋನಾ ಮಾತು ಕಡಿಮೆಯ ಹೆಂಗಸು. ಒಂದು ಸಂಜೆ ನಾನು ಅವಳ ನೀರಿನ ಪಂಪು ರಿಪೇರಿ ಮಾಡುತ್ತಿದ್ದಾಗ ಹೇಳಿದಳು:

"ಆ ಬೂಟಿನವನು ಬಂದಿದ್ದ ರಸ್. ಕ್ಲೈಡ್ ಶೆಡ್ಡು ಖಾಲಿ ಮಾಡಿಕೊಡ್ತೀನಿ, ನಿಮಗ್ಯಾಕೆ ಕಷ್ಟ ಅಂದ. ಗಾಜೆಲ್ಲ ಹೊತ್ಕೊಂಡು ಹೋದ."

"ಆ ನೀಲಿದೂ?"

"ಅದನ್ನೇ ಮೊದಲು ಹಿಡ್ಕೊಂಡ. ಕರವಸ್ತ್ರದಲ್ಲಿ ಸುತ್ತಿಕೊಂಡ. 'ಇದೇನು ಬೆಲೆ ಬಾಳುತ್ತಾ?' ಅಂತ ಕೇಳ್ದೆ. 'ಬರೀ ಸೀಸೆ ಗಾಜು ಮೇಡಂ, ಕಾಗದದ ಮೇಲೆ ಭಾರಕ್ಕೆ ಇಟ್ಕೋಬಹುದು ಅಷ್ಟೆ' ಅಂದ."

"ನೀನೇನಂದೆ?"

"ಏನಂತೀನಿ? ತಗೊಂಡು ಹೋಗಪ್ಪಾ ಅಂದೆ. ಶೆಡ್ಡಿನ ಬಾಗಿಲು ತೆಗೆಯೋಕೇ ಆಗ್ತಿರಲಿಲ್ಲ ನನಗೆ ಆಗ. ಕ್ಲೈಡ್ ಕೋಟು ಇನ್ನೂ ಅಲ್ಲೇ ನೇತಾಡ್ತಿತ್ತು."

ಆ ನೀಲಿ ಗಾಜಿನ ಕತೆ ನನಗೆ ಗೊತ್ತಿತ್ತು. ಹಳೆಯ ರೈಲುಹಳಿಯ ಪಕ್ಕ ಕಂಬಕ್ಕೆ ಗುಂಡಿ ತೋಡುವಾಗ ಮಣ್ಣಿನಲ್ಲಿ ಸಿಕ್ಕಿತ್ತು. ಒಳಗೆ ತಿರುಪಿನ ಗೆರೆಯೇ ಇಲ್ಲದ, ಮೊದಮೊದಲ ಟೆಲಿಗ್ರಾಫಿನ ಕಾಲದ್ದು. ಅಂಥದ್ದು ಸಿಗುವುದು ಬಲು ಅಪರೂಪ. ಆದರೆ ನನ್ನ ಗುದ್ದಲಿ ತಗುಲಿ ಎರಡು ಹೋಳಾಯಿತು. ಕ್ಲೈಡ್ ಒಂದು ಮಾತೂ ಬೈಯಲಿಲ್ಲ. ಆ ಚಳಿಗಾಲವೆಲ್ಲ ಅಡುಗೆಮನೆ ಮೇಜಿನ ಮುಂದೆ ಕೂತು ಅಂಟು ಹಾಕಿ, ಉಜ್ಜಿ, ನಯ ಮಾಡಿ, ಬಿರುಕು ಕಣ್ಣಿಗೆ ಕಾಣದ ಹಾಗೆ ಕೂಡಿಸಿದ. ಮಾರಲೆಂದಲ್ಲ. ಒಡೆದ ವಸ್ತುವನ್ನು ಹಾಗೇ ಬಿಡುವ ಸ್ವಭಾವ ಅವನದಲ್ಲ.

ವೆಂಡೆಲನಿಗೆ ಈ ವಿಷಯ ಹೇಳಬಹುದಿತ್ತು. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನನ್ನ ಉತ್ತರ ಅಷ್ಟೇನೂ ಚೆನ್ನಾಗಿಲ್ಲ. ಅವನು ಇನ್ನಷ್ಟು ಮೇಲೆ ಹತ್ತಲಿ ಎಂದುಕೊಂಡೆ.

ಹತ್ತಿದ. ಮೂರು ತಿಂಗಳು ಊರಲ್ಲಿ ಬೇರೆ ಮಾತಿಲ್ಲ. ಬೂಟು ಕೊಳ್ಳಲು ಹೋದವರ ಪಾದ ಅಳತೆಪಟ್ಟಿಯ ಮೇಲೆಯೇ ಉಳಿಯುತ್ತಿತ್ತು, ಇವನು ನೀಲಿಯ ವರ್ಣನೆ ಮುಗಿಸುವ ತನಕ. ಎಲ್ಲಿ ಸಿಕ್ಕಿತು ಎಂದರೆ, "ಇಪ್ಪತ್ತು ವರ್ಷದ ಶೋಧನೆ" ಎನ್ನುತ್ತಿದ್ದ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ತಾನೂ ಬಿಳಿ ಕೈಗವಸು ಹಾಕದೆ ಮುಟ್ಟುತ್ತಿರಲಿಲ್ಲ. ಒಂದು ಸಲ ಆ ಗವಸು ಕಳಚಿ ಜೋಡಣೆಯ ಮೇಲೆ ಉಗುರು ಆಡಿಸಿದ್ದರೆ ಸಾಕಿತ್ತು.

ಜೂನಿನಲ್ಲಿ ಜಿಲ್ಲೆಯ ದೊಡ್ಡ ಸಭಾಂಗಣದಲ್ಲಿ ಸಂಘದ ವರ್ಷದ ಪ್ರದರ್ಶನ. ನಲವತ್ತು ಮೇಜು, ಒಂದೊಂದರ ಹಿಂದೆಯೂ ದೀಪದ ಪೆಟ್ಟಿಗೆ, ಅದರ ಮುಂದೆ ಸಾಲುಸಾಲು ಗಾಜು. ವೆಂಡೆಲ್ ತನ್ನ ಮೇಜಿಗೆ ಕಪ್ಪು ಮಖಮಲ್ಲು ಹಾಸಿ, ನೀಲಿಯದನ್ನು ನಡುವೆ ಒಂದು ಪೀಠದ ಮೇಲೆ ಇಟ್ಟಿದ್ದ. ಮಧ್ಯಾಹ್ನದೊಳಗೆ ಅದಕ್ಕೆ ಮೊದಲನೆಯ ಬಹುಮಾನದ ರಿಬ್ಬನು ಬಿತ್ತು. ತೀರ್ಪುಗಾರ ಆರ್ಲೊ ಟಿಬೆಟ್ಸ್, ರೈಲ್ವೆಯಲ್ಲಿ ಟೆಲಿಗ್ರಾಫು ಬಡಿದ ಮುದುಕ, ಪೀಠವನ್ನು ಮುಟ್ಟಬಾರದೆಂಬ ಫಲಕ ಇದ್ದುದರಿಂದ ದೂರದಿಂದಲೇ ನೋಡಿ ರಿಬ್ಬನು ಕೊಟ್ಟಿದ್ದ.

ಅಯೋನಾ ಚರ್ಚಿನ ಹೆಂಗಸರ ಜೊತೆ ಬಾಗಿಲ ಬಳಿ ಚೆರಿ ಪೈ ಮಾರುತ್ತಿದ್ದಳು. ಜನ ಕಡಿಮೆಯಾದ ಮೇಲೆ ಒಂದು ತಟ್ಟೆ ಹಿಡಿದು ಒಳಗೆ ಬಂದಳು. ಆರ್ಲೊನಿಗೆ ಕೊಡಲೆಂದು. ಅವನು ನಿಂತಿದ್ದುದು ವೆಂಡೆಲನ ಮೇಜಿನ ಮುಂದೆ. ಅವಳ ಕಣ್ಣು ಪೀಠದ ಮೇಲೆ ಬಿತ್ತು.

"ಅರೆ, ಇದು ನಮ್ಮ ಕ್ಲೈಡಿಂದು" ಅಂದಳು.

ವೆಂಡೆಲ್ ನಕ್ಕ. "ನಿಮಗೆ ಎಲ್ಲ ನೀಲಿನೂ ಒಂದೇ ಥರ ಕಾಣುತ್ತೆ ಮೇಡಂ."

"ಇಲ್ಲಪ್ಪಾ. ಒಂದು ಚಳಿಗಾಲ ಪೂರ್ತಿ ಇದರ ಪಕ್ಕದಲ್ಲಿ ಕೂತು ಆಲೂಗಡ್ಡೆ ಸುಲಿದಿದ್ದೀನಿ. ಅಂಟು ಒಣಗೋವರೆಗೂ ಊಟದ ಮೇಜು ಮುಟ್ಟೋಕೆ ಬಿಡ್ತಿರಲಿಲ್ಲ ಅವನು."

"ಅಂಟಾ?" ಎಂದ ಆರ್ಲೊ. ತಟ್ಟೆಗೆ ಚಾಚಿದ ಕೈ ಅಲ್ಲೇ ನಿಂತಿತು.

"ಎರಡು ತುಂಡಾಗಿತ್ತಲ್ಲ. ರಸ್‌ನ ಕೇಳಿ, ಒಡೆದವನು ಅವನೇ."

ಎಲ್ಲರೂ ಪಕ್ಕದ ಮೇಜಿನಲ್ಲಿದ್ದ ನನ್ನತ್ತ ತಿರುಗಿದರು. ನಾನು ತಲೆ ಆಡಿಸಿದೆ. ಬಹಳ ದಿನದಿಂದ ಕಾದಿದ್ದ ಗಳಿಗೆ. ಆದರೆ ಬಂದಾಗ ನಾನು ನೋಡಿದ್ದು ನನ್ನ ಬೂಟಿನ ತುದಿಯನ್ನು.

ಆರ್ಲೊ ಜೇಬಿನಿಂದ ಸಣ್ಣ ನೇರಳೆ ದೀಪ ತೆಗೆದ. ಅಂಟು ಇದ್ದ ಕಡೆ ಆ ಬೆಳಕಿನಲ್ಲಿ ಹೊಳೆಯುತ್ತದೆ. ಕೋಟಿನ ಮರೆ ಮಾಡಿ ಹಿಡಿದ. ಗಾಜಿನ ಸುತ್ತ, ಸೊಂಟಕ್ಕೆ ದಾರ ಕಟ್ಟಿದ ಹಾಗೆ, ಒಂದು ಬೆಳ್ಳನೆಯ ಗೆರೆ ಮೂಡಿತು. ಆರ್ಲೊ ರಿಬ್ಬನು ಬಿಚ್ಚಿಕೊಂಡ.

ವೆಂಡೆಲನ ಕತ್ತು ಕೆಂಪಾಯಿತು. ಅಲ್ಲಿಗಾದರೂ ಸುಮ್ಮನಾಗಬೇಕಲ್ಲ? ಇಲ್ಲ. ಆ ವಿಧವೆಯ ಮುಂದೆ ಬೆರಳು ಆಡಿಸಿದ.

"ನೀವು ನನಗೆ ಮೋಸ ಮಾಡಿದಿರಿ! ಅವತ್ತೇ ಹೇಳಬೇಕಿತ್ತು!"

ಅಯೋನಾ ತಟ್ಟೆ ಕೆಳಗಿಟ್ಟಳು. "ಬೆಲೆ ಬಾಳುತ್ತಾ ಅಂತ ನಾನು ಕೇಳಿದ್ದೆ. ಬರೀ ಸೀಸೆ ಗಾಜು ಅಂದ್ರಿ. ಪ್ರೊಫೆಸರ್ ಹೇಳಿದ ಮೇಲೆ ನಾನ್ಯಾಕೆ ಎದುರು ಮಾತಾಡ್ಲಿ?"

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಇಪ್ಪತ್ತು ವರ್ಷದ ಶೋಧನೆ ಎಂದರೆ ವಿಧವೆಯ ಶೆಡ್ಡು ಎಂದು ಆಗಲೇ ಎಲ್ಲರಿಗೂ ತಿಳಿದದ್ದು. ಲೋರೆಟಾ ಒಬ್ಬಳೇ ನಗಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ, ಮತ್ತೆ ಮಡಿಸಿ, ಅಂಗೈಯಗಲ ಮಾಡಿದಳು.

"ಅದನ್ನ ವಾಪಸ್ ಕೊಡ್ತೀರಾ?" ಎಂದಳು ಅಯೋನಾ.

"ತಗೊಂಡು ಹೋಗಿ. ಕಸ ಅದು."

"ಹೌದು" ಎಂದು ಅವಳು ಅದನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡಳು. ಜೋಡಣೆಯ ಮೇಲೆ ಅವಳ ಹೆಬ್ಬೆರಳು ಒಮ್ಮೆ ಓಡಿತು. ಅಲ್ಲಿವರೆಗೂ ಅಳದಿದ್ದವಳು ಪೈ ಮೇಜಿನ ಹಿಂದೆ ಹೋಗಿ ಅತ್ತಳಂತೆ. ಚರ್ಚಿನ ಹೆಂಗಸರು ಹೇಳಿದರು.

ನಾನು ಹೊರಗೆ ಬಂದಾಗ ವೆಂಡೆಲ್ ಕಾರಿನಲ್ಲಿ ಕೂತಿದ್ದ, ಇಂಜಿನು ಹಚ್ಚದೆ. ಕೈಗವಸು ಇನ್ನೂ ತೆಗೆದಿರಲಿಲ್ಲ. ಮರುಕ ಬಂತು ಎನ್ನಲಾರೆ. ಅವನ ಬಳಿ ಹೋಗಿ ಒಂದು ಮಾತು ಚುಚ್ಚಬೇಕೆಂದಿದ್ದೆ, ಅದನ್ನು ಮಾತ್ರ ಮಾಡಲಿಲ್ಲ. ಒಳಗೆ ಲೋರೆಟಾ ಒಬ್ಬಳೇ ಮುನ್ನೂರು ಗಾಜನ್ನು ಕಾಗದದಲ್ಲಿ ಸುತ್ತುತ್ತಿದ್ದಳು. ಹೋಗಿ ಕೈ ಹಾಕಿದೆ.

ಮುಂದಿನ ವರ್ಷ ಅವನು ಬರಲಿಲ್ಲ. ಎರಡು ಸಾವಿರವನ್ನೂ ಒಹಾಯೋದ ಒಬ್ಬನಿಗೆ ಒಟ್ಟಿಗೆ ಮಾರಿದನೆಂದು ಸುದ್ದಿ ಬಂತು. ನಾಚಿಕೆಯಿಂದ ಮನುಷ್ಯ ಸ್ವಲ್ಪ ತಗ್ಗಿರಬಹುದು ಎಂದು ಆರ್ಲೊ ಅಂದ. ಆರ್ಲೊ ಒಳ್ಳೆಯವನು, ಅದಕ್ಕೇ ಹಾಗೆ ಅಂದ.

ಹೋದ ಆಗಸ್ಟಿನಲ್ಲಿ ಪಕ್ಕದ ಜಿಲ್ಲೆಯ ದನದ ಜಾತ್ರೆಗೆ ಹೋಗಿದ್ದೆ. ಒಂದು ಡೇರೆಯಲ್ಲಿ ಮುಳ್ಳುತಂತಿಯ ಪ್ರದರ್ಶನ; ಗಾಜಿನ ಹಾಗೆ ಹಳೆಯ ಬೇಲಿ ತಂತಿಯನ್ನೂ ಕೂಡಿಡುವವರಿದ್ದಾರೆ. ಹಲಗೆಯ ಮೇಲೆ ಹದಿನೆಂಟು ಇಂಚಿನ ತುಂಡುಗಳನ್ನು ಸಾಲಾಗಿ ಹೊಡೆದಿದ್ದರು, ಕೆಳಗೆ ಚೀಟಿ. ಹಲಗೆಯ ಹಿಂದೆ ವೆಂಡೆಲ್ ಸ್ಟ್ರೌಡ್, ಹೊಸ ಟೋಪಿ ಹಾಕಿಕೊಂಡು. ಅವನ ಮುಂದೆ ಎಂಬತ್ತರ ಒಬ್ಬ ರೈತ.

"ಇದು ನಮ್ಮ ಪಡುವಣ ಬೇಲೀದು. ನಾನೂ ನಮ್ಮಪ್ಪನೂ ಎಳೆದಿದ್ದು" ಎನ್ನುತ್ತಿದ್ದ ಮುದುಕ.

"ಸಾಧ್ಯವೇ ಇಲ್ಲ ಸಾರ್. ಈ ಹೆಣಿಗೆಯ ತಂತಿ ಈ ಕಡೆ ಬಂದೇ ಇಲ್ಲ. ನಿಮಗೆ ನೆನಪು ತಪ್ಪಿದೆ."

ಮುದುಕ ತನ್ನ ಮುಂಗೈ ಮೇಲಿನ ಉದ್ದನೆಯ ಹಳೆಯ ಗಾಯದ ಗೆರೆಯನ್ನು ನೋಡಿಕೊಂಡ, ಹಲಗೆಯನ್ನು ನೋಡಿದ, ನಡೆದುಬಿಟ್ಟ.

ಲೋರೆಟಾ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಇಕ್ಕಳದಿಂದ ತಂತಿ ಕತ್ತರಿಸುತ್ತಿದ್ದಳು. ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಹೇಗಿದ್ದೀಯಮ್ಮಾ ಎಂದು ಕೇಳಿದೆ.

"ಪರವಾಗಿಲ್ಲ ರಸ್" ಎಂದಳು. "ಧೂಳು ಒರೆಸೋ ಕೆಲಸ ಇಲ್ಲ ಇದಕ್ಕೆ."