ಮೊದಲೇ ಕೊರೆದ ಹೆಸರು

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ವಾಡಿಯ ಕಲ್ಯಾಣ ಮಂಟಪ. ಹಾಜರಿದ್ದವರು: ಪ್ರಶಸ್ತಿ ಸಮಿತಿಯ ಕಾರ್ಯದರ್ಶಿಯಾದ ನಾನು, ಸಮಿತಿಯ ಅಧ್ಯಕ್ಷರು, ಮೈಕ್‌ಸೆಟ್ಟಿನವರು. ತೀರ್ಪುಗಾರರು ಇನ್ನೂ ಬಂದಿರಲಿಲ್ಲ.

ನಾನು ನಿವೃತ್ತ ಸ್ಟೇಷನ್ ಮಾಸ್ತರ್. ಯಾವ ಕೆಲಸಕ್ಕೂ ಒಂದು ನಿಗದಿತ ಹೊತ್ತು, ಒಂದು ಸಹಿ ಬೇಕು ಅನ್ನುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅಂದು ಕೂಡ ಚೀಟಿ ಬರೆದುಕೊಂಡು ಹೋಗಿದ್ದೆ. ಚೀಟಿಯ ಮೊದಲ ಸಾಲು: ಕಲ್ಲು ನೋಡುವುದು. ನಮ್ಮ ಪ್ರಶಸ್ತಿ ಕಪ್ಪಲ್ಲ, ಶಾಲಲ್ಲ, ಪಾಲಿಶ್ ಮಾಡಿದ ಒಂದೂವರೆ ಅಡಿಯ ಶಹಾಬಾದ್ ಕಲ್ಲು. ಗೋಣಿತಟ್ಟು ಬಿಚ್ಚಿದೆ. ಗೆದ್ದವರ ಹೆಸರು ಅದರ ಮೇಲಿತ್ತು. ಸೇಡಂ ತಂಡದ ಹೆಸರು, ಕೊರೆದು, ಬಂಗಾರದ ಬಣ್ಣ ತುಂಬಿ. ಸ್ಪರ್ಧೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ.

ಈ ಪ್ರಶಸ್ತಿ ಶುರುವಾದದ್ದು ಹೀಗಲ್ಲ. ಸಿನಿಮಾ ಹಾಡು ಹಾಡುವವರಿಗೆ ಊರೂರಿಗೆ ಆರ್ಕೆಸ್ಟ್ರಾ ಇದೆ, ಭಜನೆಗೆ ಮಠಗಳಿವೆ. ಗಿಟಾರು ಡ್ರಮ್ಮು ಇಟ್ಟುಕೊಂಡು, ಸ್ವಂತ ಮಾತು ಸ್ವಂತ ರಾಗದಲ್ಲಿ ಕಿರುಚುವ ಹುಡುಗ ಹುಡುಗಿಯರಿಗೆ ಏನೂ ಇರಲಿಲ್ಲ. ಆಲ್ಟರ್ನೇಟಿವ್ ರಾಕ್ ಎಂಬ ಹೆಸರು ನನಗೆ ಹೇಳಿಕೊಟ್ಟವರೂ ಅವರೇ. ನನಗೆ ಆ ಸದ್ದು ಇಷ್ಟವಿರಲಿಲ್ಲ. ಆದರೆ ಅವರು ಹೇಳಿದ ಹೊತ್ತಿಗೆ ಬಂದು, ಹೇಳಿದ ಹೊತ್ತಿಗೆ ಮುಗಿಸುತ್ತಿದ್ದರು. ಅದು ಇಷ್ಟವಾಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಐದೂರಿನ ತಂಡಗಳಿಗೆ ವರ್ಷಕ್ಕೊಂದು ಪ್ರಶಸ್ತಿ ಎಂದು ನಾಲ್ಕು ಜನ ಸೇರಿ ತೀರ್ಮಾನಿಸಿದೆವು. ಗೆದ್ದವರಿಗೆ ಈ ಕಲ್ಲು, ಜೊತೆಗೆ ಕಲಬುರಗಿಯ ಸ್ಟುಡಿಯೋದಲ್ಲಿ ಎರಡು ದಿನ ಹಾಡು ರೆಕಾರ್ಡ್ ಮಾಡುವ ಅವಕಾಶ.

ನಿಯಮ ಒಂದೇ ಇತ್ತು. ತೀರ್ಪುಗಾರರು ಪರದೆಯ ಹಿಂದೆ ಕೂಡಬೇಕು. ಯಾರು ಹಾಡುತ್ತಿದ್ದಾರೆಂದು ಕಾಣಬಾರದು, ಕೇಳಿಸಬೇಕು ಅಷ್ಟೆ. ಮೊದಲ ವರ್ಷ ಪರದೆಯಾದದ್ದು ನಮ್ಮ ಮನೆಯ ಹಾಸಿಗೆ ಚಾದರ. ಚಿಂಚೋಳಿಯ ತಂಡ ಗೆದ್ದಿತು. ಚಾದರ ಸರಿಸಿದಾಗ ಅಷ್ಟು ಗಡಸಾಗಿ ಹಾಡಿದವಳು ಕಾಲೇಜಿನ ಸಣ್ಣ ಹುಡುಗಿ ಎಂದು ಗೊತ್ತಾಗಿ ತೀರ್ಪುಗಾರರೇ ನಕ್ಕರು. ಕಲ್ಲನ್ನು ವೇದಿಕೆಯ ಮೇಲೆ ಬೋಳಾಗಿಯೇ ಕೊಟ್ಟು, ವಾಪಸ್ ಪಡೆದು, ಹೆಸರು ಕೊರೆಸಿ ವಾರದ ನಂತರ ಬಸ್ಸಿನಲ್ಲಿ ಕಳಿಸಿದೆವು.

ಕೆಟ್ಟದ್ದು ಫೋಟೋದಿಂದ. ಒಂದು ವರ್ಷ ಬಂದ ಮುಖ್ಯ ಅತಿಥಿಗೆ ಬೋಳು ಕಲ್ಲು ಕೈಯಲ್ಲಿ ಹಿಡಿದು ನಿಂತದ್ದು ಪೇಪರಿನಲ್ಲಿ ಚೆನ್ನಾಗಿ ಕಾಣಲಿಲ್ಲವಂತೆ. ಮನೆಯ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಆರಿಸುತ್ತಿದ್ದ ಹಾಗೆ ಕಂಡಿತು ಎಂದರಂತೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರು, ಹೆಸರು ಮೊದಲೇ ಕೊರೆಸೋಣ, ಒಂದು ವಾರ ಮುಂಚೆ ತೀರ್ಪುಗಾರರನ್ನು ಕೂರಿಸಿ ಹಾಡು ಕೇಳಿಸಿಬಿಡೋಣ ಎಂದರು. ಆ ಠರಾವು ಬರೆದವನು ನಾನು. ಸಹಿಯೂ ನನ್ನದು. ಎರಡು ವರ್ಷ ಹಾಗೇ ನಡೆಯಿತು. ಆಮೇಲೆ ತೀರ್ಪುಗಾರರಿಗೆ ಎರಡು ಸಲ ಬರುವುದು ತ್ರಾಸಾಯಿತು, ವಾರದ ಮುಂಚಿನ ಕೇಳುವಿಕೆ ನಿಂತಿತು. ಮುಂಚೆ ಕೊರೆಸುವುದು ನಿಲ್ಲಲಿಲ್ಲ. ಪರದೆ ಕಟ್ಟುತ್ತಿದ್ದ ಜಾಗದಲ್ಲಿ ಅತಿಥಿಗಳ ಸೋಫಾ ಬಂತು. ಹೋದ ವರ್ಷ ಅಧ್ಯಕ್ಷರೇ ಕಲ್ಲು ತಂದು ವೇದಿಕೆಯ ಮೇಲೆ ಬಿಚ್ಚಿದರು. ಹಾಡು ಮುಗಿದ ಹತ್ತು ನಿಮಿಷಕ್ಕೆ ಕಲ್ಲಿನ ಮೇಲೆ ಹೆಸರು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ಸುಲಭವಾಗಿತ್ತು.

ಈ ಸಲ ಕೇಳಿದೆ. ಅಧ್ಯಕ್ಷರು ಹಾರಗಳನ್ನು ಎಣಿಸುತ್ತಿದ್ದರು. ಸೇಡಂ ತಂಡದ ಗಿಟಾರಿನವನು ಅವರ ಅಕ್ಕನ ಮಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಪರದೆ ಕಟ್ಟೋಣ, ಹಾಡು ಕೇಳಿಯೇ ತೀರ್ಮಾನವಾಗಲಿ, ಈ ಕಲ್ಲು ಬೇಡ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

"ಮಾಸ್ತರ್ರ, ಕಲ್ಲ ಕೊರದ್ ಆಗ್ಯಾದ. ಈಗ ಹಾಡ ಕೇಳಿ ಏನ್ ಮಾಡಾವ್ರು ನೀವು?"

ಶಹಾಬಾದಿನ ತಂಡ ಹನ್ನೆರಡಕ್ಕೆ ಬಂತು. ಮೂವರು. ಹಾಡುವವನು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಮೂವತ್ತು ದಾಟಿದವನು. ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರಿನ ಮೇಲೆ ಅವನೊಂದು ಹಾಡು ಕಟ್ಟಿದ್ದ. ಐದು ವರ್ಷದಿಂದ ಅದನ್ನೇ ತರುತ್ತಿದ್ದ. ಕಲ್ಲಿನ ಧೂಳಿಗೆ ಅವನ ದನಿ ವರ್ಷ ವರ್ಷವೂ ಒಡೆಯುತ್ತಿತ್ತು. ಇನ್ನೊಂದು ವರ್ಷ ಇದೇ ಕೆಲಸ ಮಾಡಿದರೆ ಹಾಡುವುದು ಮರೆತುಬಿಡು ಎಂದು ಡಾಕ್ಟರು ಹೇಳಿದ್ದರು. ಕೆಲಸ ಬಿಡುವ ಹಾಗಿರಲಿಲ್ಲ. ಅವನಿಗೆ ಕಲ್ಲು ಬೇಕಾಗಿರಲಿಲ್ಲ, ಸ್ಟುಡಿಯೋದ ಎರಡು ದಿನ ಬೇಕಾಗಿತ್ತು. ದನಿ ಇರುವಾಗಲೇ ಆ ಹಾಡು ಎಲ್ಲಾದರೂ ಉಳಿಯಬೇಕಾಗಿತ್ತು.

ಬಿಚ್ಚಿದ ಗೋಣಿತಟ್ಟು ಅವನ ಕಣ್ಣಿಗೆ ಬಿತ್ತು. ನಾನು ಮುಚ್ಚಲು ಹೋದೆ.

"ಇರ್ಲಿ ಬಿಡ್ರಿ ಕಾಕಾ," ಎಂದ. "ಅಕ್ಷರ ಚಂದ ಬಂದಾವಿಲ್ಲೊ ನೋಡ್ರಿ. ನಾನೇ ಕೊರದೀನಿ. ಶುಕ್ರವಾರ."

ಗೊತ್ತಿದ್ದೂ ಯಾಕೆ ಬಂದೆ ಎಂದು ಕೇಳಿದೆ.

"ಮಾಲಕರು ಚೀಟಿ ಕೊಟ್ರು, ಕೊರದೆ. ಅದು ಕೆಲಸ. ಹಾಡಾದು ಬ್ಯಾರೆ ಅದರಿ." ಆಮೇಲೆ ಡ್ರಮ್ಮಿನವನ ಕಡೆ ತಿರುಗಿ, ಬಂಗಾರದ ಬಣ್ಣ ಎಲ್ಲೂ ಗೆರೆ ದಾಟಿಲ್ಲ, ಬೇಕಾದರೆ ನೋಡು ಎಂದು ನಕ್ಕ. ಡ್ರಮ್ಮಿನವನು ನಗಲಿಲ್ಲ.

ಒಂದು ಗಂಟೆಗೆ ಚಿತ್ತಾಪುರದಿಂದ ಸಂಗೀತದ ಟೀಚರಮ್ಮ ಬಂದರು. ಈ ವರ್ಷ ಇದ್ದ ತೀರ್ಪುಗಾರರು ಅವರೊಬ್ಬರೇ. ನಾನು ಕಲ್ಲಿನ ಸಂಗತಿ ಹೇಳುವ ಮೊದಲೇ ಅವರು ಚಹಾ ಕುಡಿಯುತ್ತ, "ಯಾರಿಗ್ ಕೊಡಬೇಕಂತ ಹೇಳಿಬಿಡ್ರಿ, ನಾಕರ ಗಾಡಿಗಿ ಹೋಗ್ಬೇಕು," ಎಂದರು. ಸಂಕೋಚವೇ ಇರಲಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಯಾವಾಗ ಎಂದು ಕೇಳುವ ಹಾಗೆ ಕೇಳಿದರು.

ಸ್ಪರ್ಧೆ ಎರಡಕ್ಕೆ ಅಲ್ಲ, ಮೂರಕ್ಕೆ ಶುರುವಾಯಿತು, ಅತಿಥಿ ತಡವಾಗಿ ಬಂದರು. ಭಾಷಣ ನಲವತ್ತು ನಿಮಿಷ. ತಂಡಕ್ಕೆ ಆರಾರು ನಿಮಿಷ. ತಂತಿ ಹೊಂದಿಸುವ ಕೋಣೆಯ ಮೂಲೆಯಲ್ಲಿ ಯಾರೋ ಗುಟ್ಕಾ ಉಗುಳಿದ್ದರು, ಸನ್ಮಾನದ ಹಾರಗಳನ್ನು ವೇದಿಕೆಯ ಡ್ರಮ್ಮಿನ ಮೇಲೆ ಎಸೆದಿದ್ದರು. ಶಹಾಬಾದಿನವನು ಹಾರ ತೆಗೆದು ಕೆಳಗಿಟ್ಟು, ಗಣಿಯ ಹಾಡು ಹಾಡಿದ. ನಾಲ್ಕನೆಯ ನಿಮಿಷಕ್ಕೆ ಅಧ್ಯಕ್ಷರು ಕೈ ಎತ್ತಿದರು, ಮೈಕಿನ ಸದ್ದು ಇಳಿಯಿತು. ಟೀಚರಮ್ಮ ಮೊಬೈಲಿನಲ್ಲಿ ರೈಲು ಎಲ್ಲಿದೆ ಎಂದು ನೋಡುತ್ತಿದ್ದರು.

ಫಲಿತಾಂಶ ಓದಿದವನು ನಾನು. ಇದನ್ನು ಬೇರೆ ರೀತಿ ಬರೆಯಲು ಆಗುವುದಿಲ್ಲ. ಕೈಗೆ ಕೊಟ್ಟ ಕಾಗದವನ್ನು ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಹೊತ್ತು ಹೇಳುತ್ತಿದ್ದ ಅದೇ ದನಿಯಲ್ಲಿ, ಒಂದಕ್ಷರ ತಪ್ಪದೆ ಓದಿದೆ. ಕಲ್ಲು ಎತ್ತಿ ಹಿಡಿದರು, ಫೋಟೋ ತೆಗೆದರು. ಈ ಸಲ ಕಲ್ಲು ಬೋಳು ಕಾಣಲಿಲ್ಲ.

ಇಳಿದು ಬಂದು ಅಧ್ಯಕ್ಷರನ್ನು ಒಂದು ಮಾತು ಕೇಳಿದೆ. ನಿಮ್ಮ ಅಕ್ಕನ ಮಗನ ಮನೆಯಲ್ಲೇ ರೆಕಾರ್ಡಿಂಗ್ ಕೋಣೆ ಇದೆ, ಸ್ಟುಡಿಯೋದ ಎರಡು ದಿನ ಶಹಾಬಾದಿನವರಿಗೆ ಬಿಟ್ಟುಕೊಡಿ. ಅವರು ಮುಖ ಗಂಟಿಕ್ಕಿ, "ನಿಯಮದಾಗ ಇಲ್ಲಲ್ರಿ ಮಾಸ್ತರ್," ಎಂದರು. ಹೊರಗೆ ನಳದ ಹತ್ತಿರ ಹೋಗಿ ಮುಖ ತೊಳೆದೆ.

ಐದೂವರೆಗೆ ಮಂಟಪ ಖಾಲಿಯಾಯಿತು. ಮೈಕ್‌ಸೆಟ್ಟಿನವರು ವೈರು ಸುತ್ತುತ್ತಿದ್ದರು. ಇನ್ನೊಂದು ಅರ್ಧ ತಾಸು ಬಿಚ್ಚಬೇಡಿ ಎಂದೆ. ಅವರ ಮಿಕ್ಸರಿನಲ್ಲಿ ಪೆನ್‌ಡ್ರೈವ್ ಹಾಕಿ ರೆಕಾರ್ಡ್ ಮಾಡಲು ಬರುತ್ತದೆಂದು ಬೆಳಿಗ್ಗೆ ಅವರೇ ಹೇಳಿದ್ದರು. ಶಹಾಬಾದಿನವರು ಗೇಟಿನ ಹೊರಗೆ ಆಟೋ ಹತ್ತುವುದರಲ್ಲಿದ್ದರು, ಕರೆದು, ಗಣಿಯ ಹಾಡು ಇಲ್ಲೇ ರೆಕಾರ್ಡ್ ಮಾಡೋಣ ಎಂದೆ. ಹಾಡುವವನು ಗೇಟಿನ ಒಳಗೆ ಬಂದ.

"ಕಮಿಟಿ ಕಡಿಂದ ಏನ್ರಿ?"

ಅಲ್ಲ ಎಂದೆ.

"ಹಂಗಾದ್ರ ಆಗ್ಲಿ. ಆದ್ರ ನೀವು ಆ ಕಡಿ ಮುಖ ಮಾಡಿ ಕುಂದ್ರಬೇಕು ಕಾಕಾ. ನಮ್ಮನ್ನ ನೋಡಬ್ಯಾಡ್ರಿ, ಕೇಳ್ರಿ."

ಗೋಡೆಯ ಕಡೆ ಕುರ್ಚಿ ತಿರುಗಿಸಿ ಕುಳಿತೆ. ಈ ಸಲ ಪೂರ್ತಿ ಆರು ನಿಮಿಷ ಹಾಡಿದ. ಕೊನೆಯ ಚರಣದಲ್ಲಿ ದನಿ ಒಡೆಯಿತು, ಹಿಂದಿನಿಂದ ಕಬ್ಬಿಣದ ಕುರ್ಚಿ ಒಂದರ ಮೇಲೊಂದು ಇಡುವ ಸದ್ದೂ ಅದರಲ್ಲಿ ಸೇರಿತು. ಇನ್ನೊಮ್ಮೆ ಹಾಡುವೆಯಾ ಎಂದು ಗೋಡೆಗೇ ಕೇಳಿದೆ. ಬೇಡ ಎಂದ, ಗಂಟಲು ಇಷ್ಟೇ ಉಳಿದಿರುವುದು. ಸ್ಟುಡಿಯೋದಲ್ಲಿ ಆಗಬಹುದಾಗಿದ್ದ ರೆಕಾರ್ಡಿಂಗ್ ಇದಲ್ಲ. ನನಗೆ ಸಮಾಧಾನವೂ ಆಗಲಿಲ್ಲ. ಪೆನ್‌ಡ್ರೈವ್ ಅವನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದೆ.

ಆಮೇಲೆ ನಡಾವಳಿ ಪುಸ್ತಕ ತೆಗೆದೆ. 'ತೀರ್ಪುಗಾರರು ಹಾಡುಗಳನ್ನು ಕೇಳಿ ತೀರ್ಮಾನಿಸಿದರು' ಎಂದು ಪ್ರತಿ ವರ್ಷ ಬರೆಯುವ ಸಾಲನ್ನು ಬರೆಯಲಿಲ್ಲ. ಕಲ್ಲು ಶುಕ್ರವಾರ ಕೊರೆದದ್ದು, ಹಾಡು ಭಾನುವಾರ ಹಾಡಿದ್ದು ಎಂದು ಬರೆದೆ. ಮುಂಚೆ ಕೊರೆಸುವ ಠರಾವು ನನ್ನ ಸಹಿಯದು, ಫಲಿತಾಂಶ ಓದಿದವನೂ ನಾನೇ ಎಂದೂ ಬರೆದೆ. ಕೆಳಗೆ ರಾಜೀನಾಮೆ ಬರೆದು ಸಹಿ ಹಾಕಿದೆ. ಏಳಕ್ಕೆ ಐದು ನಿಮಿಷವಿರುವಾಗ ಪುಸ್ತಕ, ರಬ್ಬರ್ ಸೀಲು, ಕಪಾಟಿನ ಬೀಗದ ಕೈ ಮೂರನ್ನೂ ಅಧ್ಯಕ್ಷರ ಅಂಗಡಿಗೆ ಒಯ್ದು ಕೊಟ್ಟು, ಮುಟ್ಟಿದ್ದಕ್ಕೆ ಅವರ ಸಹಿ ಪಡೆದೆ.